ಒಂದೇ ಊರಿಗೆ ಹನ್ನೊಂದು ಹೆಸರು: ತಿದ್ದಲು ಯಾವ ದಾರಿ ಹಿಡಿಯಬೇಕು?

ವಿಜಯಪುರ, ವಿಜಯಪೂರ, ವಿಜಯಪುರ್, ವಿಜಯಾಪುರ, ಬಿಜಾಪುರ, ಬಿಜಾಪೂರ, ಬಿಜಾಪುರ್, ಬೀಜಾಪುರ, ವಿಜಾಪುರ, ವಿಜಾಪೂರ, ಜಿ॥ ಬಿಜಾಪುರ.

ಬಾಗಲಕೋಟೆಯ ಒಂದು ಪತ್ತಿನ ಸಹಕಾರಿ ಸಂಘದ ಸದಸ್ಯರ ಪಟ್ಟಿಯಲ್ಲಿ, ಒಂದೇ ಕಾಲಮ್ಮಿನಲ್ಲಿ ನನಗೆ ಸಿಕ್ಕ ಹೆಸರುಗಳಿವು. ಓದುವವರಿಗೆ ಎಲ್ಲವೂ ಒಂದೇ. ಕಂಪ್ಯೂಟರಿಗೆ ಹನ್ನೊಂದು ಬೇರೆ ಬೇರೆ ಊರು. ಜಿಲ್ಲಾವಾರು ಲೆಕ್ಕ ಕೇಳಿದರೆ ಹನ್ನೊಂದು ಸಾಲು ತೆಗೆದು ಮುಂದಿಡುತ್ತದೆ. ಅದರ ತಪ್ಪೇನಿಲ್ಲ. ಇಪ್ಪತ್ತು ವರ್ಷದಲ್ಲಿ ಐದಾರು ಜನ ಟೈಪ್ ಮಾಡಿದ ಪಟ್ಟಿ ಅದು. ಒಬ್ಬರು ಆಡುವ ಹಾಗೆ ಬರೆದರು, ಒಬ್ಬರು ಬೋರ್ಡ್ ನೋಡಿ ಬರೆದರು, ಇನ್ನೊಬ್ಬರು ಮರಾಠಿ ಶಾಲೆಯಲ್ಲಿ ಕಲಿತವರು.

ಇಂಥ ಹೆಸರುಗಳನ್ನು ಒಂದೇ ರೂಪಕ್ಕೆ ತರಲು ಐದು ದಾರಿಗಳಿವೆ. ಸುಮ್ನೆ ಫೈಂಡ್-ರಿಪ್ಲೇಸ್ ಮಾಡುವುದು, ಎಕ್ಸೆಲ್‌ನಲ್ಲಿ ಮ್ಯಾಪಿಂಗ್ ಶೀಟ್ (ಯಾವ ಹೆಸರಿಗೆ ಯಾವ ಹೆಸರು ಅನ್ನುವ ಪಟ್ಟಿ) ಇಟ್ಟು ಲುಕಪ್ ಮಾಡುವುದು, ಅಂದರೆ ಅದರಲ್ಲಿ ಹುಡುಕಿ ತರುವುದು, ಎಕ್ಸೆಲ್ ಒಳಗಿನದೇ ಆದ ಪವರ್ ಕ್ವೆರಿ, ಡೇಟಾ ತಿದ್ದುವ ಓಪನ್‌ರಿಫೈನ್ ಸಾಫ್ಟ್‌ವೇರ್, ಕೊನೆಗೆ ಪೈಥಾನ್ ಪ್ರೋಗ್ರಾಮ್ ಅಥವಾ ಡೇಟಾಬೇಸಿನ ಭಾಷೆ ಎಸ್‌ಕ್ಯೂಎಲ್. ನಾನು ಐದನ್ನೂ ಬಳಸಿದ್ದೇನೆ, ಐದರಲ್ಲೂ ಎಡವಿದ್ದೇನೆ. ಯಾವುದು ಯಾರಿಗೆ ಸರಿ ಅನ್ನುವುದನ್ನು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೆಸರುಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಕಣ್ಣಿಗೆ ಕಾಣದ ಕೊಳೆ

ಯಾವ ದಾರಿ ಹಿಡಿದರೂ ಈ ಕೆಲಸ ತಪ್ಪುವುದಿಲ್ಲ. ‘ಇಳಕಲ್’ ಅಂತ ಎರಡು ಸಾಲಿನಲ್ಲಿ ಇದೆ ಅನ್ನಿ. ನೋಡಲು ಎರಡೂ ಒಂದೇ. ಆದರೆ ಲುಕಪ್ ಒಂದಕ್ಕೆ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ. ಅಕ್ಷರ ಎಣಿಸುವ ಲೆನ್ ಫಾರ್ಮುಲಾ ಹಾಕಿ ನೋಡಿದರೆ ಒಂದರ ಉದ್ದ 5, ಇನ್ನೊಂದರದ್ದು 6. ಎರಡನೆಯದರ ಕೊನೆಯಲ್ಲಿ ಕಾಣದ ಒಂದು ಅಕ್ಷರ ಕೂತಿದೆ. ಒತ್ತಕ್ಷರ ಕೂಡಿಕೊಳ್ಳದ ಹಾಗೆ ಅರ್ಧಾಕ್ಷರ ತೋರಿಸಲು ಹಾಕುವ ಶೂನ್ಯ ಅಗಲದ ಅಕ್ಷರ ಅದು. ಕೆಲವು ಕೀಬೋರ್ಡ್‌ಗಳು ಅದನ್ನು ತಾವಾಗಿಯೇ ಸೇರಿಸುತ್ತವೆ. ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ ಫಾರ್ಮುಲಾ ಅದನ್ನು ತೆಗೆಯುವುದಿಲ್ಲ. ವೆಬ್ ಪುಟದಿಂದ ಕಾಪಿ ಮಾಡಿದಾಗ ಬರುವ 160ನೇ ನಂಬರಿನ ಸ್ಪೇಸನ್ನೂ ಟ್ರಿಮ್ ಮುಟ್ಟುವುದಿಲ್ಲ. ಎರಡನ್ನೂ ಸಬ್‌ಸ್ಟಿಟ್ಯೂಟ್ ಹಾಕಿ ಬೇರೆಯಾಗಿಯೇ ತೆಗೆಯಬೇಕು.

ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ ತಿರುಗಿಸಿದ ಫೈಲ್ ಆದರೆ ಇನ್ನೊಂದು ತಕರಾರು. ‘ಕೋ’ ಅನ್ನುವುದರ ಓತ್ವ ಒಂದೇ ಚಿಹ್ನೆಯಾಗಿಯೂ ಇರಬಹುದು, ಎರಡು ಮೂರು ತುಂಡಾಗಿಯೂ ಇರಬಹುದು. ಕಾಣುವುದು ಒಂದೇ ಥರ. ಪೈಥಾನ್‌ನಲ್ಲಾಗಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಾಗಲಿ ‘ಎನ್‌ಎಫ್‌ಸಿ’ ಎಂಬ ಸಮೀಕರಣ ಮಾಡಿಸಿದರೆ ತುಂಡುಗಳು ಕೂಡಿಕೊಳ್ಳುತ್ತವೆ. ಎಕ್ಸೆಲ್‌ನಲ್ಲಿ ಇದಕ್ಕೆ ನೇರ ಫಾರ್ಮುಲಾ ಇಲ್ಲ.

ಇಷ್ಟು ಮಾಡಿ, ‘ಸಾ॥’, ‘ತಾ॥’, ‘ಜಿ॥’ ಕಿತ್ತು ಹಾಕಿದರೆ ಹನ್ನೊಂದು ಹೆಸರು ಹತ್ತಾಗುತ್ತದೆ. ಕೆಲವರು ॥ ಬದಲು ಎರಡು ಕಂಬ ಹಾಕಿರುತ್ತಾರೆ, ಕೆಲವರು ಇಂಗ್ಲಿಷಿನ ಎರಡು ಎಲ್ ಹಾಕಿರುತ್ತಾರೆ. ಎಲ್ಲ ನೋಡಿಕೊಳ್ಳಿ.

ಫೈಂಡ್-ರಿಪ್ಲೇಸ್: ಸಲೀಸು ಕಾಣುತ್ತದೆ, ಅಷ್ಟೇ

ನನ್ನ ಮೊದಲ ಪೆಟ್ಟು ಇಲ್ಲಿಯೇ. ಆ ಸಂಘದ ಪಟ್ಟಿಯಲ್ಲಿ ‘ಬಿಜಾಪುರ’ ಇದ್ದಲ್ಲೆಲ್ಲ ‘ವಿಜಯಪುರ’ ಮಾಡು ಅಂತ ಒಂದು ಬಟನ್ ಒತ್ತಿದೆ. ಕಾಲಮ್ ಆಯ್ಕೆ ಮಾಡಿರಲಿಲ್ಲ. ಇಡೀ ಶೀಟಿನಲ್ಲಿ ಬದಲಾಯಿತು. ಪಾಸ್‌ಬುಕ್ಕಿನ ಲೇಬಲ್ ಅದೇ ಫೈಲಿನಿಂದ ಪ್ರಿಂಟ್ ಆದವು. ವಾರದ ಮೇಲೆ ಹಿರಿಯರೊಬ್ಬರು ಪಾಸ್‌ಬುಕ್ ಹಿಡಿದುಕೊಂಡು ಬಂದರು.

‘ಏನ್ರೀ ಸರ್, ನಮ್ಮ ಅಡ್ಡಹೆಸರು ಅಜ್ಜನ ಕಾಲದಿಂದ ಬಿಜಾಪುರೆ ಐತ್ರಿ. ನೀವು ವಿಜಯಪುರೆ ಮಾಡೀರಲ್ರೀ. ಸರ್ಕಾರ ಊರಿನ ಹೆಸರು ಬದಲಿ ಮಾಡೇತಿ, ನಮ್ದಲ್ರೀ.’

ನಮ್ಮ ಕಡೆ ಊರೇ ಅಡ್ಡಹೆಸರು. ಜಮಖಂಡಿ, ಮುಧೋಳ, ಗೋಕಾಕ, ಬೆಳಗಾವಿ, ಬಾಗಲಕೋಟಿ, ಸವದತ್ತಿ, ಎಲ್ಲವೂ ಮನುಷ್ಯರ ಹೆಸರಿನ ಬಾಲವಾಗಿ ಇರುತ್ತವೆ. ಮೈಸೂರು ಕಡೆಯವರು ಬರೆದ ಡೇಟಾ ಪಾಠಗಳಲ್ಲಿ ಈ ಎಚ್ಚರಿಕೆ ಇರುವುದಿಲ್ಲ. ಅಲ್ಲಿ ಇನಿಷಿಯಲ್‌ನಲ್ಲಿ ಊರು ಮುಗಿದು ಹೋಗುತ್ತದೆ.

ಎರಡನೇ ಪೆಟ್ಟು ಅದೇ ದಿನದ್ದು. ‘ಬಾಗಲಕೋಟ’ ಇದ್ದದ್ದನ್ನು ‘ಬಾಗಲಕೋಟೆ’ ಮಾಡು ಅಂದೆ. ಮೊದಲೇ ಸರಿಯಾಗಿದ್ದ ‘ಬಾಗಲಕೋಟೆ’ಯ ಒಳಗೂ ‘ಬಾಗಲಕೋಟ’ ಇದೆ, ಅಲ್ವಾ? ಅದಕ್ಕೆ ಮತ್ತೊಂದು ಎತ್ವ ಬಿತ್ತು. ಟೆ ಪಕ್ಕ ಚುಕ್ಕೆ ಚುಕ್ಕೆಯ ವೃತ್ತ ಬಂದು, ಅದರ ಮೇಲೆ ಆ ಎತ್ವ ನಿಂತಿತು. ಕನ್ನಡದಲ್ಲಿ ಸ್ವರಚಿಹ್ನೆ ಬೇರೆ ಅಕ್ಷರವಾಗಿ ಫೈಲಿನಲ್ಲಿ ಕೂರುವುದರಿಂದ ಈ ಗೋಳು ನಮಗೆ ಜಾಸ್ತಿ.

ಇನ್ನೂರು ಮುನ್ನೂರು ಸಾಲಿನ ಪಟ್ಟಿ, ಒಮ್ಮೆ ಮಾಡಿ ಮರೆಯುವ ಕೆಲಸ ಅಂದರೆ ಮಾತ್ರ ಫೈಂಡ್-ರಿಪ್ಲೇಸ್ ಸಾಕು. ಅದೂ ಒಂದೇ ಕಾಲಮ್ ಆಯ್ದುಕೊಂಡು, ‘ಇಡೀ ಸೆಲ್ ಹೊಂದಬೇಕು’ ಅನ್ನುವ ಗುರುತು ಹಾಕಿ. ಇದರ ದೊಡ್ಡ ಕೊರತೆ ಏನೆಂದರೆ ನೀವು ಏನು ಮಾಡಿದಿರಿ ಅನ್ನುವುದಕ್ಕೆ ದಾಖಲೆಯೇ ಉಳಿಯುವುದಿಲ್ಲ. ಮುಂದಿನ ತಿಂಗಳ ಫೈಲ್ ಬಂದಾಗ ಮತ್ತೆ ಒಂದರಿಂದ ಶುರು.

ಪಟ್ಟಿಗಿಂತ ಮೊದಲು: ಇದು ಎರಡು ಹೆಸರೋ, ಎರಡು ಊರೋ?

ಟೂಲ್‌ಗಳ ಮಾತಿಗೆ ಹೋಗುವ ಮೊದಲು ಇಲ್ಲಿ ಸ್ವಲ್ಪ ನಿಲ್ಲಬೇಕು. ಎಲ್ಲರೂ ಎಡವುವುದು ಇಲ್ಲಿಯೇ.

ಸಮಾನಾರ್ಥಕ ಪಟ್ಟಿ ಅಂದರೆ ಎರಡು ಕಾಲಮ್: ಎಡಕ್ಕೆ ಬಂದ ಹೆಸರು, ಬಲಕ್ಕೆ ಇಡಬೇಕಾದ ಹೆಸರು. ‘ಬೆಳಗಾಂ’ ಬಂದರೆ ‘ಬೆಳಗಾವಿ’. ‘ಚ. ಕಿತ್ತೂರ’ ಬಂದರೆ ‘ಚನ್ನಮ್ಮನ ಕಿತ್ತೂರು’. ‘ಬ. ಬಾಗೇವಾಡಿ’ ಬಂದರೆ ‘ಬಸವನ ಬಾಗೇವಾಡಿ’. ಇಲ್ಲಿಯವರೆಗೆ ಸರಳ.

‘ಬಿಜಾಪುರ’ ಬಂದರೆ?

2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಹೆಸರು ಬದಲಾಯಿತು. ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಾಗಾಗಿ ಬಿಜಾಪುರಕ್ಕೆ ವಿಜಯಪುರ ಅಂತ ಬರೆದು ಮುಗಿಸೋಣ ಅನಿಸುತ್ತದೆ. ಆದರೆ ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ಬಿಜಾಪುರ ಜಿಲ್ಲೆಯನ್ನು ಒಡೆದು. ಅದಕ್ಕೂ ಮೊದಲು ಸದಸ್ಯರಾದವರ ಅರ್ಜಿಯಲ್ಲಿ ‘ತಾ॥ ಮುಧೋಳ, ಜಿ॥ ಬಿಜಾಪುರ’ ಅಂತಲೇ ಇರುತ್ತದೆ. ಜಮಖಂಡಿ, ಬಾದಾಮಿ, ಹುನಗುಂದ, ಬೀಳಗಿ, ಎಲ್ಲದರ ಕಥೆಯೂ ಅದೇ. ಇವರನ್ನೆಲ್ಲ ವಿಜಯಪುರಕ್ಕೆ ಕಳಿಸಿದರೆ ಜಿಲ್ಲಾವಾರು ಲೆಕ್ಕ ತಲೆಕೆಳಗಾಗುತ್ತದೆ. ಅವರು ಇರುವುದು ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ. ಮನೆ ಅಲ್ಲಿಯೇ ಇದೆ, ಜಿಲ್ಲೆ ಬದಲಾಗಿದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಛತ್ತೀಸಗಡದಲ್ಲೊಂದು ಬಿಜಾಪುರ ಜಿಲ್ಲೆ ಇದೆ. ದೇವನಹಳ್ಳಿ ತಾಲೂಕಿನಲ್ಲೊಂದು ವಿಜಯಪುರ ಇದೆ. ಗುಜರಾತಿನಲ್ಲೊಂದು ವಿಜಾಪುರ ಇದೆ. ಬೆಳಗಾವಿ ಜಿಲ್ಲೆಯ ಖಾನಾಪುರದಂತೆಯೇ ಸಾಂಗಲಿ ಜಿಲ್ಲೆಯಲ್ಲೂ ಒಂದು ಖಾನಾಪುರ ತಾಲೂಕು ಇದೆ. ಗಡಿ ದಾಟಿ ವ್ಯಾಪಾರ ಮಾಡುವವರ ಪಟ್ಟಿಯಲ್ಲಿ ಎರಡೂ ಬರುತ್ತವೆ.

ಹೀಗೆ ಒಂದೇ ‘ಬಿಜಾಪುರ’ದಲ್ಲಿ ಮೂರು ಥರದ ಸಮಸ್ಯೆ ಇದೆ. ಹೆಸರು ಬದಲಾದದ್ದು, ಜಿಲ್ಲೆ ಒಡೆದದ್ದು, ಒಂದೇ ಹೆಸರಿನ ಬೇರೆ ಊರು ಇರುವುದು. ಎರಡು ಕಾಲಮ್ಮಿನ ಪಟ್ಟಿ ಮೊದಲನೆಯದನ್ನು ಮಾತ್ರ ಬಗೆಹರಿಸುತ್ತದೆ. ಉಳಿದ ಎರಡಕ್ಕೆ ಮೂರನೇ ಕಾಲಮ್ ಬೇಕು. ನಾನು ಬಳಸುವುದು ಪಿನ್ ಕೋಡಿನ ಮೊದಲ ಮೂರು ಅಂಕಿ. ವಿಜಯಪುರ ಕಡೆ 586, ಬಾಗಲಕೋಟೆ ಕಡೆ 587, ಬೆಳಗಾವಿಗೆ 590 ಮತ್ತು 591. ನನ್ನ ಶೀಟಿನ ನಾಲ್ಕು ಸಾಲು ಹೀಗಿವೆ:

ಬಿಜಾಪುರ | 586 | ವಿಜಯಪುರ
ಬಿಜಾಪುರ | 587 | ಬಾಗಲಕೋಟೆ
ಬಿಜಾಪುರ | 494 | ಬಿಜಾಪುರ, ಛತ್ತೀಸಗಡ
ವಿಜಯಪುರ | 562 | ಬೆಂಗಳೂರು ಗ್ರಾಮಾಂತರ

ಗಡಿಯ ಹಳ್ಳಿಗಳಲ್ಲಿ ಪಿನ್ ಒಮ್ಮೊಮ್ಮೆ ಕೈಕೊಡುತ್ತದೆ. ಪಿನ್ ಇಲ್ಲದ ಹಳೆಯ ಪಟ್ಟಿಯಾದರೆ ತಾಲೂಕಿನ ಹೆಸರನ್ನು ಮೂರನೇ ಕಾಲಮ್ ಮಾಡಿ. ಏನೂ ಇಲ್ಲದಿದ್ದರೆ ಬಲಗಡೆ ‘ನೋಡಬೇಕು’ ಅಂತ ಬರೆಯಿರಿ. ಊಹೆ ಮಾಡಿ ತುಂಬಬೇಡಿ.

ತಾಲೂಕಿನದ್ದೂ ಇದೇ ಹಾಡು. 2011ರ ಜನಗಣತಿಯಲ್ಲಿ ಬೆಳಗಾವಿಗೆ 10 ತಾಲೂಕು, ಬಾಗಲಕೋಟೆಗೆ 6, ವಿಜಯಪುರಕ್ಕೆ 5. ಆಮೇಲೆ ನಿಪ್ಪಾಣಿ, ಕಾಗವಾಡ, ಮೂಡಲಗಿ, ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ, ತಿಕೋಟಾ, ಕೊಲ್ಹಾರ, ಚಡಚಣ, ಆಲಮೇಲ ಅಂತ ಹೊಸವು ಬಂದವು. ‘ಜಮಖಂಡಿ’ ಅಂತ ಇದ್ದ ತಾಲೂಕನ್ನು ‘ರಬಕವಿ-ಬನಹಟ್ಟಿ’ ಮಾಡು ಅಂತ ಪಟ್ಟಿಯಲ್ಲಿ ಬರೆಯಲು ಬರುವುದಿಲ್ಲ. ಹಳ್ಳಿ ನೋಡಿಯೇ ಹೇಳಬೇಕು. ಸಮಾನಾರ್ಥಕ ಪಟ್ಟಿಯ ಕೆಲಸ ಅಲ್ಲಿಗೆ ಮುಗಿಯುತ್ತದೆ, ಹಳ್ಳಿಗಳ ಪಟ್ಟಿಯ ಕೆಲಸ ಶುರುವಾಗುತ್ತದೆ.

ಎಕ್ಸೆಲ್ ಲುಕಪ್: ಹೆಚ್ಚಿನವರಿಗೆ ಇದೇ ಸಾಕು

ಮ್ಯಾಪಿಂಗ್ ಶೀಟ್ ಒಂದು ಬೇರೆ ಹಾಳೆ. ಡೇಟಾ ಇನ್ನೊಂದು ಹಾಳೆ. ಡೇಟಾದಲ್ಲಿ ಹೆಸರು ಮತ್ತು ಪಿನ್ ಆರಂಭವನ್ನು ಕೂಡಿಸಿ ‘ಬಿಜಾಪುರ-587’ ಅಂತ ಒಂದು ಸಹಾಯಕ ಕಾಲಮ್ ಮಾಡಿ. ಮ್ಯಾಪಿಂಗ್ ಶೀಟಿನಲ್ಲೂ ಹಾಗೆಯೇ ಮಾಡಿ. ಪಕ್ಕದ ಹೊಸ ಕಾಲಮ್ಮಿನಲ್ಲಿ ಲುಕಪ್ ಹಾಕಿ. ಮೂಲ ಕಾಲಮ್ ಹಾಗೆಯೇ ಇರಲಿ, ಅದರ ಮೇಲೆ ಬರೆಯಬೇಡಿ. ನಾಳೆ ಜಗಳ ಬಂದರೆ ‘ಅರ್ಜಿಯಲ್ಲಿ ಹೀಗಿತ್ತು ನೋಡ್ರಿ’ ಅಂತ ತೋರಿಸಲು ಅದೇ ಆಧಾರ.

ವಿಲುಕಪ್ ಬಳಸುವವರು ಕೊನೆಯ ಜಾಗದಲ್ಲಿ ಸೊನ್ನೆ ಹಾಕುವುದನ್ನು ಮರೆಯಬಾರದು. ಅಲ್ಲಿ ಏನೂ ಹಾಕದಿದ್ದರೆ ಅದು ‘ಹತ್ತಿರದ್ದು ಸಿಕ್ಕರೆ ಸಾಕು’ ಅಂತ ಹುಡುಕುತ್ತದೆ. ಪಟ್ಟಿ ಅಕಾರಾದಿಯಾಗಿ ಇಲ್ಲದಿದ್ದರೆ ಇಂಡಿಗೆ ಅಥಣಿ ಬಂದು ಕೂರಬಹುದು, ಎರರ್ ಕೂಡ ತೋರಿಸದೆ. ಎಕ್ಸ್‌ಲುಕಪ್‌ನಲ್ಲಿ ಈ ತೊಂದರೆ ಇಲ್ಲ, ಅದು ಮೊದಲಿಂದಲೇ ನಿಖರ ಹೊಂದಿಕೆ ನೋಡುತ್ತದೆ. ಆದರೆ ಅದು ಎಕ್ಸೆಲ್ 2021 ಮತ್ತು ಮೈಕ್ರೋಸಾಫ್ಟ್ 365ರಲ್ಲಿ ಇದೆ. 2016, 2019ರಲ್ಲಿ ಇಲ್ಲ. ನಮ್ಮ ಕಡೆಯ ಆಫೀಸುಗಳಲ್ಲಿ ಇನ್ನೂ ಹಳೆಯ ಎಕ್ಸೆಲ್ ಇರುವುದೇ ಜಾಸ್ತಿ, ಹಾಗಾಗಿ ವಿಲುಕಪ್ ಕಲಿತಿಟ್ಟುಕೊಳ್ಳಿ. ದುಡ್ಡು ಹಾಕದೆ ಬೇಕು ಅನ್ನುವವರಿಗೆ ಲಿಬ್ರೆ ಆಫೀಸ್ ಇದೆ. ಅದರ 24.8ನೇ ಆವೃತ್ತಿಯಿಂದ ಎಕ್ಸ್‌ಲುಕಪ್ ಕೂಡ ಬಂದಿದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಲುಕಪ್ ಸಿಗದಿದ್ದಾಗ ‘ಎನ್/ಎ’ ಬರುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ಇಫ್‌ಎರರ್ ಹಾಕಿ ಮುಚ್ಚಿ, ಅದರ ಜಾಗದಲ್ಲಿ ಮೂಲ ಹೆಸರನ್ನೇ ಹಾಕುವ ರೂಢಿ ಇದೆ. ಅದನ್ನು ಮಾಡಬೇಡಿ. ಆ ಎನ್/ಎಗಳೇ ನಿಮ್ಮ ಪಟ್ಟಿಯ ಮುಂದಿನ ಸಾಲುಗಳು. ಅವನ್ನು ಫಿಲ್ಟರ್ ಮಾಡಿ, ಒಂದೊಂದಾಗಿ ನೋಡಿ, ಪಟ್ಟಿಗೆ ಸೇರಿಸಿ. ಮೊದಲ ತಿಂಗಳು ಬೇಜಾರಾಗುತ್ತದೆ. ಮೂರನೇ ತಿಂಗಳ ಹೊತ್ತಿಗೆ ಎರಡೋ ಮೂರೋ ಹೊಸ ಹೆಸರು ಬಂದರೆ ಹೆಚ್ಚು.

ಪವರ್ ಕ್ವೆರಿ

ಪ್ರತಿ ತಿಂಗಳೂ ಒಂದೇ ಥರದ ಫೈಲ್ ಬರುತ್ತದೆ ಅನ್ನುವವರಿಗೆ ಇದು ಲುಕಪ್‌ಗಿಂತ ಮೇಲು. ಎರಡು ಪಟ್ಟಿಯನ್ನು ಒಮ್ಮೆ ಮರ್ಜ್ ಮಾಡಿ ಇಟ್ಟರೆ ಆಮೇಲೆ ರಿಫ್ರೆಶ್ ಒತ್ತಿದರೆ ಸಾಕು. ಹೆಸರು ಮತ್ತು ಪಿನ್ ಎರಡನ್ನೂ ಕೂಡಿಸಿ ಹೊಂದಿಸಲು ಸಹಾಯಕ ಕಾಲಮ್ ಕೂಡ ಬೇಡ.

ಇದರಲ್ಲಿ ಅಂದಾಜು ಹೊಂದಿಕೆಯ ಸೌಲಭ್ಯವೂ ಇದೆ. ಹೋಲಿಕೆಯ ಮಿತಿ ಮೊದಲೇ 0.8ಕ್ಕೆ ಇರುತ್ತದೆ. ಜೊತೆಗೆ ನಿಮ್ಮದೇ ಬದಲಿ ಪಟ್ಟಿ ಕೊಡಬಹುದು. ಆ ಪಟ್ಟಿಯ ಎರಡು ಕಾಲಮ್ಮಿಗೆ ‘ಫ್ರಮ್’, ‘ಟು’ ಅಂತಲೇ ಇಂಗ್ಲಿಷಿನಲ್ಲಿ ಹೆಸರಿಡಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಪಟ್ಟಿ ಕೊಡುವುದು ಒಳ್ಳೆಯದು. ಅಂದಾಜು ಹೊಂದಿಕೆಯನ್ನು ಆಫ್ ಮಾಡುವುದು ಅದಕ್ಕಿಂತ ಒಳ್ಳೆಯದು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಓಪನ್‌ರಿಫೈನ್ ಮತ್ತು ‘ಹತ್ತಿರದ ಹೆಸರು’

ಏನೇನು ರೂಪಗಳಿವೆ ಅಂತಲೇ ಗೊತ್ತಿಲ್ಲದ ಹೊಸ ಫೈಲ್ ಕೈಗೆ ಬಂದಾಗ ಓಪನ್‌ರಿಫೈನ್‌ಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಉಚಿತ. ಬ್ರೌಸರಿನಲ್ಲಿ ತೆರೆದರೂ ಓಡುವುದು ನಿಮ್ಮದೇ ಕಂಪ್ಯೂಟರಿನಲ್ಲಿ, ಡೇಟಾ ಹೊರಗೆ ಹೋಗುವುದಿಲ್ಲ. ಸದಸ್ಯರ ಪಟ್ಟಿ, ಸಾಲದ ಪಟ್ಟಿ ಇಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ. ಕ್ಲಸ್ಟರ್ ಬಟನ್ ಒತ್ತಿದರೆ ‘ರಾಯಬಾಗ, ರಾಯಭಾಗ’, ‘ಚಿಕ್ಕೋಡಿ, ಚಿಕೋಡಿ’, ‘ನಿಪ್ಪಾಣಿ, ನಿಪಾಣಿ’ ಅಂತ ಗುಂಪು ಗುಂಪಾಗಿ ಮುಂದಿಡುತ್ತದೆ. ಯಾವುದನ್ನು ಕೂಡಿಸಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಮಾಡಿದ ಪ್ರತಿ ಹೆಜ್ಜೆಯೂ ಉಳಿಯುತ್ತದೆ, ಅದನ್ನೇ ತೆಗೆದಿಟ್ಟು ಮುಂದಿನ ಫೈಲಿಗೂ ಓಡಿಸಬಹುದು.

ಕನ್ನಡಕ್ಕೆ ಬಳಸುವಾಗ ಎರಡು ವಿಷಯ. ಧ್ವನಿ ಆಧಾರದ ವಿಧಾನಗಳು ಇಂಗ್ಲಿಷ್, ಜರ್ಮನ್ ಮುಂತಾದವುಗಳಿಗೆ ಮಾಡಿದ್ದು, ಕನ್ನಡ ಲಿಪಿಗೆ ಕೆಲಸಕ್ಕೆ ಬಾರದವು. ಅಕ್ಷರಗಳ ಅಂತರ ಎಣಿಸುವ ವಿಧಾನ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ‘ಬ್ಲಾಕ್’ ಅಕ್ಷರಗಳ ಸಂಖ್ಯೆ ಮೊದಲೇ 6 ಇರುತ್ತದೆ, ಅಂದರೆ ಸಾಲಾಗಿ ಅಷ್ಟು ಅಕ್ಷರ ಒಂದೇ ಇರುವ ಹೆಸರುಗಳನ್ನು ಮಾತ್ರ ಹೋಲಿಸುತ್ತದೆ. ‘ಇಂಡಿ’ಯಲ್ಲಿ ಕಂಪ್ಯೂಟರ್ ಎಣಿಸುವುದು ನಾಲ್ಕೇ ಅಕ್ಷರ: ಇ, ಸೊನ್ನೆ, ಡ, ಗುಣಿಸು. ಹಾಗಾಗಿ ಆ ಸಂಖ್ಯೆಯನ್ನು 2ಕ್ಕೋ 3ಕ್ಕೋ ಇಳಿಸಿಕೊಳ್ಳಿ.

ಈಗ ಆ ಅಂತರದ ಲೆಕ್ಕವನ್ನೇ ಹತ್ತಿರದಿಂದ ನೋಡೋಣ. ಒಂದು ಹೆಸರನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಅನ್ನುವುದೇ ಅಂತರ. ವ್ಯಂಜನ, ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಎಲ್ಲವೂ ಒಂದೊಂದು ಅಕ್ಷರ.

‘ಬಿಜಾಪುರ’ದಿಂದ ‘ವಿಜಯಪುರ’ಕ್ಕೆ: ಬ ಹೋಗಿ ವ ಬಂತು, ದೀರ್ಘ ಹೋಗಿ ಯ ಬಂತು. ಅಂತರ 2.

‘ಕೊಲ್ಹಾರ’ದಿಂದ ‘ಕೊಲ್ಹಾಪುರ’ಕ್ಕೆ: ಪ ಸೇರಿತು, ಕೊಂಬು ಸೇರಿತು. ಅಂತರ 2.

‘ಬೆಳಗಾವಿ’ಯಿಂದ ‘ಬೆಲ್ಗಾಂ’ಗೆ: ಳ ಹೋಗಿ ಲ ಬಂತು, ಅರ್ಧಾಕ್ಷರದ ಚಿಹ್ನೆ ಸೇರಿತು, ವ ಹೋಗಿ ಸೊನ್ನೆ ಬಂತು, ಗುಣಿಸು ಹೋಯಿತು. ಅಂತರ 4.

ಮಿತಿಯನ್ನು 2ಕ್ಕೆ ಇಟ್ಟರೆ ಬಿಜಾಪುರ ಸರಿಯಾಗಿ ವಿಜಯಪುರಕ್ಕೆ ಸೇರುತ್ತದೆ. ಜೊತೆಗೆ ಕೃಷ್ಣೆಯ ದಂಡೆಯ ನಮ್ಮ ಕೊಲ್ಹಾರ ಮಹಾರಾಷ್ಟ್ರಕ್ಕೆ ಹೋಗುತ್ತದೆ. 3ಕ್ಕೆ ಏರಿಸಿದರೆ ಕೋಲಾರವೂ ಅದೇ ಗುಂಪಿಗೆ ಬಂದು ಬೀಳುತ್ತದೆ. ಬೆಲ್ಗಾಂ ಮಾತ್ರ ಇನ್ನೂ ಹೊರಗೇ. ಎಲ್ಲಿ ಗೆರೆ ಎಳೆದರೂ ತಪ್ಪೇ. ಇನ್ನು 2011ರ ಜನಗಣತಿಯಲ್ಲಿ ‘ಪರಸಗಡ’ ಅಂತ ಇರುವ ತಾಲೂಕು ಯಾವುದು? ನಮ್ಮ ಸವದತ್ತಿಯೇ. ಪರಸಗಡ, ಸವದತ್ತಿ ಎರಡೂ ಒಂದೇ ಅಂತ ಯಾವ ಅಂತರದ ಲೆಕ್ಕ ಹೇಳೀತು? ಅದು ಆ ಕಡೆಯವರಿಗೆ ಗೊತ್ತಿರುವ ವಿಷಯ. ಯಾರಾದರೂ ಪಟ್ಟಿಯಲ್ಲಿ ಬರೆದರೆ ಮಾತ್ರ ಕಂಪ್ಯೂಟರಿಗೂ ಗೊತ್ತಾಗುತ್ತದೆ.

ಅದಕ್ಕೇ ನನ್ನ ಕ್ರಮ ಇಷ್ಟು. ಓಪನ್‌ರಿಫೈನ್‌ನಿಂದ ಗುಂಪುಗಳನ್ನು ತೆಗೆಯುತ್ತೇನೆ. ಅಲ್ಲಿಯೇ ಕೂಡಿಸಿ ಮುಗಿಸುವುದಿಲ್ಲ. ಒಪ್ಪಿದ ಜೋಡಿಗಳನ್ನು ಮ್ಯಾಪಿಂಗ್ ಶೀಟಿಗೆ ಬರೆಯುತ್ತೇನೆ. ಅಂದಾಜು ಮಾಡುವುದು ಯಂತ್ರದ ಕೆಲಸ, ಹೌದು ಅನ್ನುವುದು ಮನುಷ್ಯರ ಕೆಲಸ. ಶೀಟನ್ನು ಇನ್ನೊಂದು ಪ್ರಾಜೆಕ್ಟಾಗಿ ಲೋಡ್ ಮಾಡಿ ‘ಸೆಲ್ ಕ್ರಾಸ್’ ಫಂಕ್ಷನ್ ಮೂಲಕ ಓಪನ್‌ರಿಫೈನ್ ಒಳಗೇ ಲುಕಪ್ ಕೂಡ ಮಾಡಬಹುದು. ನನಗೆ ಅದು ಸ್ವಲ್ಪ ಸುತ್ತುಬಳಸು ಅನಿಸಿತು.

ಕೆಲವು ರೂಪಗಳಿಗೆ ಪಟ್ಟಿ ಬೇಡ, ನಿಯಮ ಸಾಕು. ನಮ್ಮ ಮಾತಿನಲ್ಲಿ ಕೊನೆಯ ಎ ಇ ಆಗುತ್ತದೆ. ಮನೆ ಮನಿ ಆದ ಹಾಗೆ ತಾಳಿಕೋಟೆ ತಾಳಿಕೋಟಿ, ಬಾಗಲಕೋಟೆ ಬಾಗಲಕೋಟಿ. ಕಿತ್ತೂರು ಕಿತ್ತೂರ. ಕೊನೆಯ ‘ಕೋಟಿ’ ಇದ್ದರೆ ‘ಕೋಟೆ’ ಮಾಡು ಅನ್ನುವ ಒಂದು ಸಾಲು ಇಂಥ ಹತ್ತಾರು ಹೆಸರನ್ನು ನುಂಗುತ್ತದೆ. ಆದರೆ ಇದು ಊರಿನ ಕಾಲಮ್ಮಿಗೆ ಮಾತ್ರ. ಅಡ್ಡಹೆಸರಿನ ಬಾಗಲಕೋಟಿ ಬಾಗಲಕೋಟಿಯೇ.

ಪೈಥಾನ್, ಎಸ್‌ಕ್ಯೂಎಲ್

ಸಾಲುಗಳು ಲಕ್ಷ ದಾಟಿದರೆ, ಅಥವಾ ನಾಲ್ಕೈದು ಕಡೆಯಿಂದ ಫೈಲ್ ಬರುತ್ತಿದ್ದರೆ ಇದೇ ಸರಿ. ಪಟ್ಟಿಯನ್ನು ಡೇಟಾಬೇಸಿನಲ್ಲಿ ಒಂದು ಟೇಬಲ್ಲಾಗಿ ಲೋಡ್ ಮಾಡಿ, ಲೆಫ್ಟ್ ಜಾಯಿನ್ ಹಾಕುವುದು, ಅಂದರೆ ಡೇಟಾದ ಎಲ್ಲ ಸಾಲು ಉಳಿಸಿಕೊಂಡು ಪಕ್ಕಕ್ಕೆ ಪಟ್ಟಿಯ ಹೆಸರು ಜೋಡಿಸುವುದು. ಹೊಂದದ ಸಾಲುಗಳು ಖಾಲಿಯಾಗಿ ಬರುತ್ತವೆ, ಅವನ್ನು ಬೇರೆ ಟೇಬಲ್ಲಿಗೆ ಹಾಕುವುದು.

ಲೋಡ್ ಮಾಡುವಾಗಿನ ಮೂರು ಗುಂಡಿಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು, ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿ (ಕನ್ನಡ ಉಳಿಯುವ ಸಾದಾ ಅಕ್ಷರಗಳ ಫೈಲ್) ಉಳಿಸಿದಾಗ ಫೈಲಿನ ತಲೆಗೆ ಕಾಣದ ಒಂದು ಗುರುತು ಬೀಳುತ್ತದೆ. ಪೈಥಾನ್‌ನಲ್ಲಿ ಸಾದಾ ಯುಟಿಎಫ್-8 ಅಂತ ಓದಿದರೆ ಮೊದಲ ಕಾಲಮ್ಮಿನ ಹೆಸರಿಗೆ ಅದು ಅಂಟಿಕೊಳ್ಳಬಹುದು. ಕಾಲಮ್ ಎದುರಿಗೇ ಇದ್ದರೂ ‘ಅಂಥ ಕಾಲಮ್ ಇಲ್ಲ’ ಅನ್ನುತ್ತದೆ. ‘ಯುಟಿಎಫ್-8-ಸಿಗ್’ ಅಂತ ಓದಿಸಿ. ಉಲ್ಟಾ ಕೂಡ ನಿಜ: ಆ ಗುರುತಿಲ್ಲದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಕಲಸುಮೇಲೋಗರ ಆಗಿಬಿಡುತ್ತದೆ.

ಎರಡನೆಯದು ದುಬಾರಿ. ಪಟ್ಟಿಯಲ್ಲಿ ‘ಬಿಜಾಪುರ, 587’ ಎರಡು ಸಲ ಇದ್ದರೆ ಜಾಯಿನ್ ಆದಾಗ ಪ್ರತಿ ಸದಸ್ಯರೂ ಇಬ್ಬರಾಗುತ್ತಾರೆ. ಠೇವಣಿಯ ಮೊತ್ತವೂ ದುಪ್ಪಟ್ಟು. ಹೆಸರು ಮತ್ತು ಪಿನ್ ಎರಡನ್ನೂ ಸೇರಿಸಿ ಪ್ರೈಮರಿ ಕೀ ಮಾಡಿ, ಆಗ ಎರಡನೇ ಸಲ ಲೋಡ್ ಆಗಲು ಡೇಟಾಬೇಸೇ ಬಿಡುವುದಿಲ್ಲ. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಮರ್ಜ್ ಮಾಡುವವರು ‘ವ್ಯಾಲಿಡೇಟ್’ ಅನ್ನುವ ಆಯ್ಕೆಗೆ ‘ಹಲವಕ್ಕೆ ಒಂದು’ ಎಂಬ ಅರ್ಥದ ಬೆಲೆ ಕೊಡಿ. ಪವರ್ ಕ್ವೆರಿಯಲ್ಲೂ ಸಾಲುಗಳು ಹೀಗೆಯೇ ಹೆಚ್ಚುತ್ತವೆ. ವಿಲುಕಪ್ ಮಾತ್ರ ಮೊದಲು ಸಿಕ್ಕಿದ್ದನ್ನು ಹಿಡಿದು ಸುಮ್ಮನಾಗುತ್ತದೆ. ಜಾಯಿನ್‌ಗೆ ಮೊದಲು, ಆಮೇಲೆ ಸಾಲುಗಳ ಸಂಖ್ಯೆ ಎಣಿಸುವುದು ನನಗೆ ಈಗ ಊಟಕ್ಕೆ ಮೊದಲು ಕೈ ತೊಳೆದಷ್ಟೇ ರೂಢಿ.

ಮೂರನೆಯದು ಕನ್ನಡದಂಥ ಲಿಪಿಯವರಿಗೆ ಕಾದಿರುವ ಗುಂಡಿ. ಚುಕ್ಕೆ, ಅಡ್ಡಗೆರೆ ತೆಗೆಯಲು ಪೈಥಾನ್‌ನಲ್ಲಿ ‘ಪದದ ಅಕ್ಷರ ಅಲ್ಲದ್ದನ್ನೆಲ್ಲ ಅಳಿಸು’ ಅನ್ನುವ ರೆಜೆಕ್ಸ್ (ಅಕ್ಷರ ಹುಡುಕುವ ಮಾದರಿ) ಎಲ್ಲ ಪಾಠಗಳಲ್ಲೂ ಇರುತ್ತದೆ. ಪೈಥಾನ್ ಜೊತೆ ಬರುವ ರೆಜೆಕ್ಸ್‌ಗೆ ನಮ್ಮ ಗುಣಿತದ ಚಿಹ್ನೆಗಳು ಪದದ ಅಕ್ಷರಗಳಲ್ಲ. ಓಡಿಸಿದರೆ ‘ಬಾಗಲಕೋಟೆ’ ಹೋಗಿ ‘ಬಗಲಕಟ’ ಉಳಿಯುತ್ತದೆ. ‘ಇಂಡಿ’ ಹೋಗಿ ‘ಇಡ’. ತೆಗೆಯಬೇಕಾದ ಚಿಹ್ನೆಗಳನ್ನು ನೀವೇ ಒಂದೊಂದಾಗಿ ಹೆಸರಿಸಿ.

ಪಾಂಡಾಸ್‌ನ ‘ಮ್ಯಾಪ್’ ಮತ್ತು ‘ರಿಪ್ಲೇಸ್’ ನಡುವೆ ನನ್ನ ಓಟು ಮ್ಯಾಪ್‌ಗೆ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಅದು ಖಾಲಿ ಬಿಡುತ್ತದೆ. ರಿಪ್ಲೇಸ್ ಅದನ್ನು ಹಾಗೆಯೇ ದಾಟಿಸುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಬಲಗಡೆ ಹೆಸರು ಇಡಬೇಕೋ, ಕೋಡ್ ಇಡಬೇಕೋ?

ಎರಡೂ. ಹೆಸರು ಸರ್ಕಾರದ ಆದೇಶಕ್ಕೆ ಬದಲಾಗುತ್ತದೆ. ಬೆಳಗಾವಿ ಸ್ಟೇಷನ್ನಿನ ಬೋರ್ಡ್ ಬದಲಾದರೂ ರೈಲ್ವೆಯ ಕೋಡ್ ಇನ್ನೂ ‘ಬಿಜಿಎಂ’. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಗೆ 555, ಬಾಗಲಕೋಟೆಗೆ 556, ವಿಜಯಪುರಕ್ಕೆ 557. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶದಲ್ಲಿ ಜಿಲ್ಲೆಯಿಂದ ಹಳ್ಳಿಯವರೆಗೆ ಕೋಡ್ ಇದೆ. ಸರ್ಕಾರಿ ಡೇಟಾ ಜೊತೆ ಹೊಂದಿಸುವ ಕೆಲಸ ಮುಂದೆ ಬರಬಹುದು ಅನಿಸಿದರೆ ಆ ಕೋಡನ್ನು ಇವತ್ತೇ ಪಟ್ಟಿಗೆ ಸೇರಿಸಿ. ಬರೀ ಆಫೀಸಿನ ಒಳಗಿನ ಕೆಲಸವಾದರೆ ಇಷ್ಟು ಕಷ್ಟ ಬೇಡ.

ಹಾಗಾದರೆ ಯಾವುದು?

ಸಂಘ, ಶಾಲೆ, ಸಣ್ಣ ವ್ಯಾಪಾರ, ಕೆಲವು ಸಾವಿರ ಸಾಲು: ಎಕ್ಸೆಲ್, ಮ್ಯಾಪಿಂಗ್ ಶೀಟ್, ಲುಕಪ್. ಬೇರೆ ಏನೂ ಬೇಡ. ನೀವು ರಜೆ ಹಾಕಿದ ದಿನ ಪಕ್ಕದ ಟೇಬಲ್ಲಿನವರು ಕೂಡ ಅದನ್ನು ತೆರೆದು ಓದಬಲ್ಲರು. ಈ ಒಂದು ಕಾರಣಕ್ಕೇ ಪೈಥಾನ್ ಬಲ್ಲ ನಾನೂ ಆ ಸಂಘಕ್ಕೆ ಎಕ್ಸೆಲ್ಲನ್ನೇ ಮಾಡಿಕೊಟ್ಟೆ. ಪ್ರತಿ ತಿಂಗಳ ಕೆಲಸವಾದರೆ ಅದೇ ಶೀಟನ್ನು ಪವರ್ ಕ್ವೆರಿಗೆ ಕೊಡಿ. ಹಳೆಯ ಗೋಜಲು ಫೈಲ್ ಮೊದಲ ಸಲ ಕೈಗೆ ಬಂದರೆ ಒಂದು ದಿನ ಓಪನ್‌ರಿಫೈನ್‌ನಲ್ಲಿ ಕೂತು ಪಟ್ಟಿ ಹುಟ್ಟಿಸಿ. ಲಕ್ಷಗಟ್ಟಲೆ ಸಾಲು, ಹಲವು ಶಾಖೆ ಅಂದರೆ ಡೇಟಾಬೇಸ್. ಎಲ್ಲದಕ್ಕೂ ಒಂದೇ ಶೀಟ್ ನಡೆಯುತ್ತದೆ. ಟೂಲ್ ಬದಲಾದರೂ ಶೀಟ್ ಜೊತೆಗೆ ಬರುತ್ತದೆ. ಶೀಟ್ ಉಳಿಯದ ಒಂದೇ ದಾರಿ ಫೈಂಡ್-ರಿಪ್ಲೇಸ್.

ಮನುಷ್ಯರ ಹೆಸರಿಗೆ ಇದನ್ನೆಲ್ಲ ಹಚ್ಚಬಹುದಾ ಅಂತ ಕೇಳುತ್ತಾರೆ. ‘ಪಾಟೀಲ, ಪಾಟೀಲ್, ಪಾಟಿಲ’ ಇಷ್ಟಕ್ಕೆ ಹಚ್ಚಿ, ಅದೂ ಹುಡುಕಲು ಮಾಡಿದ ಬೇರೆ ಕಾಲಮ್ಮಿನಲ್ಲಿ. ಬಸವ್ವ ಮತ್ತು ಬಸಮ್ಮ ಒಬ್ಬರೇ ಅಂತ ಪಟ್ಟಿಯಲ್ಲಿ ಬರೆಯಬೇಡಿ. ಒಂದೇ ಮನೆಯಲ್ಲಿ ಅತ್ತೆ ಬಸವ್ವ, ಸೊಸೆ ಬಸಮ್ಮ ಇರುವುದನ್ನು ನಾನು ನೋಡಿದ್ದೇನೆ. ಇಬ್ಬರಿಗೂ ಬೇರೆ ಬೇರೆ ಖಾತೆ.

ನನ್ನ ಶೀಟಿನಲ್ಲಿ ‘ನೋಡಬೇಕು’ ಅಂತ ಇನ್ನೂ ಮೂರು ಸಾಲು ಉಳಿದಿವೆ. ಮೂರರಲ್ಲೂ ಬರೆದಿರುವುದು ‘ಸಾ॥ ಗುಡ್ಡ’, ಅಷ್ಟೇ. ಪಿನ್ ಇಲ್ಲ, ತಾಲೂಕಿಲ್ಲ. ಬಾದಾಮಿ ಕಡೆಯವರು ಬರೆದಿದ್ದರೆ ಅದು ಗುಳೇದಗುಡ್ಡ. ಸವದತ್ತಿ ಕಡೆಯವರಾದರೆ ಯಲ್ಲಮ್ಮನ ಗುಡ್ಡ. ಅರ್ಜಿ ಬರೆದುಕೊಂಡ ಗುಮಾಸ್ತರು ನಿವೃತ್ತರಾಗಿ ಮಗನ ಮನೆಯಲ್ಲಿ ಇದ್ದಾರಂತೆ. ಈ ಭಾನುವಾರ ಫೋನ್ ಮಾಡಬೇಕು.